ದೋಣಿಯ ಸೀಟು: ಹೊಲಿಸುವುದೋ, ಬದಲಿಸುವುದೋ?

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೋ, ಹೊನ್ನಾವರದ ಶರಾವತಿಯಲ್ಲೋ ಪ್ರವಾಸಿಗರನ್ನು ಕರೆದೊಯ್ಯುವ ದೋಣಿ ನಿಮ್ಮದೇ? ಮಳೆಗಾಲದ ಬಿಡುವಿನಲ್ಲಿ ಸೀಟುಗಳನ್ನು ಬಿಚ್ಚಿ ನೋಡಿ. ಹರಿದ ರೆಕ್ಸಿನ್ ಕಣ್ಣಿಗೆ ಬೀಳುತ್ತದೆ, ಅಡಿಯ ಹಲಗೆಯ ಕೊಳೆತ ಬೀಳುವುದಿಲ್ಲ.

ಸ್ಕ್ರೂಡ್ರೈವರ್ ತುದಿಯಿಂದ ಪ್ಲೈವುಡ್ ಒತ್ತಿ. ಗಟ್ಟಿಯಿದ್ದರೆ ಹೊಸ ಹೊದಿಕೆ ಹಾಕಿಸಿದರೆ ಸಾಕು. ಹೊಲಿಗೆಗೆ ಹತ್ತಿ ದಾರ ಬೇಡ, ಬೇಗ ಕೊಳೆಯುತ್ತದೆ. ಪಾಲಿಯೆಸ್ಟರ್ ದಾರವೇ ಇರಲಿ. ಸ್ಪಂಜು ಹಿಂಡಿದಾಗ ನೀರು ಬಂದರೆ ಅದನ್ನೂ ಬದಲಿಸಿ. ಆದರೆ ಸ್ಕ್ರೂಡ್ರೈವರ್ ತುದಿ ಪ್ಲೈವುಡ್‌ನೊಳಗೆ ಮೆತ್ತಗೆ ಇಳಿದರೆ, ಸ್ಕ್ರೂ ಹಿಡಿತ ತಪ್ಪಿದ್ದರೆ, ಹಿಂದೆಮುಂದೆ ನೋಡದೆ ಸೀಟನ್ನೇ ಬದಲಿಸಿ. ಕೊಳೆತ ಹಲಗೆಗೆ ಹೊಸ ರೆಕ್ಸಿನ್ ಹೊದಿಸಿದರೆ ಮೇಲೆ ಥಳಕು, ಒಳಗೆ ಹುಳುಕು.

ಅಲೆಗೆ ದೋಣಿ ಕುಪ್ಪಳಿಸಿದಾಗ, ಮಗುವನ್ನು ತೊಡೆಯ ಮೇಲಿಟ್ಟುಕೊಂಡ ತಾಯಿ ಆ ಸೀಟನ್ನೇ ನಂಬಿ ಕೂತಿರುತ್ತಾಳೆ.