ಸ್ನಾಯುಗಳನ್ನು ದುಡಿಸಿದಷ್ಟೂ ಬಲ

ಗರಡಿಮನೆಯಲ್ಲಿ ಪೈಲ್ವಾನರು ಬಸ್ಕಿ ಹೊಡೆಯುವಾಗ ಎದ್ದು ಕಾಣುವ ತೊಡೆ, ರಟ್ಟೆಗಳನ್ನಷ್ಟೇ ನಾವು ಸ್ನಾಯು ಎಂದು ತಿಳಿಯುತ್ತೇವೆ. ಆದರೆ ರೆಪ್ಪೆ ಬಡಿಯುವುದರಿಂದ ಹಿಡಿದು, ಉಂಡ ರೊಟ್ಟಿ ಕರುಳಿನಲ್ಲಿ ಮುಂದೆ ಸಾಗುವವರೆಗೆ ಎಲ್ಲವೂ ಸ್ನಾಯುಗಳದೇ ಕೆಲಸ.

ಮೂರು ಬಗೆ

ಎಲುಬುಗಳಿಗೆ ಅಂಟಿಕೊಂಡ ಐಚ್ಛಿಕ ಸ್ನಾಯುಗಳು 600ಕ್ಕೂ ಹೆಚ್ಚು. ಇವು ನಮ್ಮ ಮಾತು ಕೇಳುತ್ತವೆ. ಜಠರ, ಕರುಳು, ರಕ್ತನಾಳಗಳ ಗೋಡೆಯಲ್ಲಿರುವ ಅನೈಚ್ಛಿಕ ಸ್ನಾಯುಗಳು ನಮ್ಮ ಅಪ್ಪಣೆಗೆ ಕಾಯುವುದಿಲ್ಲ. ಮೂರನೆಯದು ಹೃದಯದ ಸ್ನಾಯು. ಅದು ದಿನಕ್ಕೆ ಸುಮಾರು ಒಂದು ಲಕ್ಷ ಸಲ ಮಿಡಿಯುತ್ತದೆ.

ಎಳೆಯುವುದೊಂದೇ ಗೊತ್ತು

ಸ್ನಾಯು ಕುಗ್ಗಿ ಎಲುಬನ್ನು ಎಳೆಯಬಲ್ಲದು, ತಳ್ಳಲಾರದು. ಆದ್ದರಿಂದ ಇವು ಜೋಡಿಯಾಗಿ ದುಡಿಯುತ್ತವೆ. ತುತ್ತನ್ನು ಬಾಯಿಗೆ ಒಯ್ಯುವಾಗ ರಟ್ಟೆಯ ಮುಂಭಾಗದ ಸ್ನಾಯು ಕುಗ್ಗಿ ಮೊಳಕೈ ಮಡಚುತ್ತದೆ. ಬಾಗಿಲು ನೂಕುವಾಗ ಹಿಂಭಾಗದ್ದು ಕುಗ್ಗಿ ಕೈಯನ್ನು ನೆಟ್ಟಗೆ ಮಾಡುತ್ತದೆ.

ಮರುದಿನದ ನೋವು

ಹುಬ್ಬಳ್ಳಿಯ ನೃಪತುಂಗ ಬೆಟ್ಟವನ್ನು ಮೊದಲ ಸಲ ಹತ್ತಿ ಬಂದವರಿಗೆ ಮರುದಿನ ತೊಡೆ ನೋಯುವುದುಂಟು. ಇದಕ್ಕೆ ಹತ್ತಿದ್ದಕ್ಕಿಂತ ಇಳಿದದ್ದೇ ಹೆಚ್ಚು ಕಾರಣ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಮೈಭಾರ ತಡೆಯುತ್ತಲೇ ಹಿಗ್ಗಬೇಕಾಗುತ್ತದೆ. ಅದರ ಎಳೆಗಳಿಗೆ ಸೂಕ್ಷ್ಮ ಪೆಟ್ಟಾಗುತ್ತದೆ. ಈ ನೋವು ಸಾಮಾನ್ಯವಾಗಿ ವಾರದೊಳಗೆ ಹೋಗುತ್ತದೆ, ಸ್ನಾಯು ಮೊದಲಿಗಿಂತ ಗಟ್ಟಿಯಾಗುತ್ತದೆ. ಆದರೆ ಅತಿಯಾದ ವ್ಯಾಯಾಮದ ನಂತರ ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಒಡೆದ ಸ್ನಾಯುವಿನ ಅಂಶಗಳು ಮೂತ್ರಪಿಂಡವನ್ನು ಕೆಡಿಸಬಲ್ಲವು.

ಹಿರಿಯರ ಬಗ್ಗೆ ಗಮನವಿರಲಿ

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ಸ್ನಾಯುಗಳಿಗೂ ಒಪ್ಪುತ್ತದೆ. ನಡುವಯಸ್ಸಿನಿಂದಲೇ ಅವು ನಿಧಾನವಾಗಿ ಕರಗತೊಡಗುತ್ತವೆ. 60ರ ನಂತರ ವೇಗ ಹೆಚ್ಚು. ಮನೆಯ ಅಜ್ಜ, ಅಜ್ಜಿ ಕುರ್ಚಿಯಿಂದ ಏಳಲು ಕೈ ಊರತೊಡಗಿದರೆ, ವಯಸ್ಸಾಯಿತು ಎಂದು ಸುಮ್ಮನಾಗಬೇಡಿ. ತೊಡೆಯ ಬಲ ಕುಂದಿದವರೇ ಬಚ್ಚಲಲ್ಲಿ ಬಿದ್ದು ಎಲುಬು ಮುರಿದುಕೊಳ್ಳುವುದು ಹೆಚ್ಚು.

ವೈದ್ಯರನ್ನು ಕೇಳಿಕೊಂಡು, ಗೋಡೆಗೆ ಒತ್ತಿಟ್ಟ ಕುರ್ಚಿಯಿಂದ ಕೈ ಊರದೆ ಎದ್ದು ಕೂಡುವುದನ್ನು ದಿನಕ್ಕೆರಡು ಹೊತ್ತು ಐದೈದು ಸಲ ಮಾಡಿಸಿ. ಕ್ರಮೇಣ ಹತ್ತಕ್ಕೆ ಏರಿಸಿ. ಪಕ್ಕದಲ್ಲಿ ಒಬ್ಬರು ಇರಲಿ. ಜೋಳದ ರೊಟ್ಟಿಯೊಡನೆ ಕಾಳುಪಲ್ಯ, ಶೇಂಗಾ ಹಿಂಡಿ, ಮೊಸರು, ತಿನ್ನುವವರಿಗೆ ಮೊಟ್ಟೆ ಬೇಕು. ಮೂತ್ರಪಿಂಡದ ಕಾಯಿಲೆ ಇದ್ದವರು ಆಹಾರದ ಬಗ್ಗೆಯೂ ವೈದ್ಯರ ಸಲಹೆ ಪಡೆಯಬೇಕು. ಒಂದು ಪಕ್ಕದ ಕೈಕಾಲು ಹಠಾತ್ತನೆ ಸೋತರೆ ಅದು ಪಾರ್ಶ್ವವಾಯು ಇರಬಹುದು. ಎಣ್ಣೆ ತಿಕ್ಕುತ್ತ ಕೂಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.