ಬಾದಾಮಿಯಿಂದ ಇಳಕಲ್‌ವರೆಗೆ ಒಂದು ಬಲೆ

ಅತಿಶಕ್ತಿಯ ವಿಶ್ವಕಿರಣಗಳ ಬಗ್ಗೆ ನಮ್ಮ ಕಡೆಯ ಕಾಲೇಜುಗಳಲ್ಲಿ ಮಾತಾಡುವಾಗ ಮಾತು ನೆಲದಿಂದ ಶುರುವಾಗಬೇಕು, ಶಕ್ತಿಯಿಂದಲ್ಲ. ಇದು ನಾನು ಹುಡುಗರಿಂದಲೇ ಕಲಿತದ್ದು. ಸೊನ್ನೆಗಳ ಸಾಲಿಗೆ ಆಕಳಿಸುವವರು ಜಿಲ್ಲೆಯ ನಕ್ಷೆ ಬಿಡಿಸಿದರೆ ಮುಂದೆ ಬಾಗುತ್ತಾರೆ.

ಬಾಗಲಕೋಟೆ, ಬಾದಾಮಿ, ಇಳಕಲ್, ಹುನಗುಂದ ನಾಲ್ಕನ್ನೂ ಗೆರೆ ಎಳೆದು ಕೂಡಿಸಿದರೆ ಒಳಗೆ ಸಿಗುವುದು ಸುಮಾರು 850 ಚದರ ಕಿ.ಮೀ. ನಾವು ಹುಡುಕುವ ಕಣ ಚದರ ಕಿಲೋಮೀಟರಿಗೆ ನೂರು ವರ್ಷಕ್ಕೊಂದು ಬಿದ್ದರೆ ಹೆಚ್ಚು. ಅಂದರೆ ಇಷ್ಟೂ ಸೀಮೆಗೆ ವರ್ಷಕ್ಕೆ ಏಳೆಂಟು. ಇಂಥ ಕಣಗಳಿಗೆಂದೇ ಕಟ್ಟಿದ ಅರ್ಜೆಂಟೀನಾದ ಪಿಯರ್ ಓಜೆ ವೀಕ್ಷಣಾಲಯ ಹರಡಿರುವುದು 3000 ಚದರ ಕಿ.ಮೀ.; ಅಲ್ಲಿ ಒಂದೂವರೆ ಕಿ.ಮೀ.ಗೊಂದರಂತೆ 1600ಕ್ಕೂ ಹೆಚ್ಚು ಟ್ಯಾಂಕ್‌ಗಳಿವೆ. ಆ ಲೆಕ್ಕದಲ್ಲಿ ನಮಗೆ ನಾಲ್ಕು ನೂರರ ಮೇಲೆ ಬೇಕು.

ಒಂದೊಂದರಲ್ಲೂ 12,000 ಲೀಟರ್ ಶುದ್ಧ ನೀರು ಎಂದಾಗ ಹುನಗುಂದದಲ್ಲಿ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: "ಸರ್, ಅಷ್ಟು ನೀರು ಕುಡಿಯಾಕ ಬರ್ತೈತೇನ್ರಿ?" ಬೇಸಿಗೆಯಲ್ಲಿ ಟ್ಯಾಂಕರ್ ಕಾಯುವ ಊರಿನ ನ್ಯಾಯವಾದ ಪ್ರಶ್ನೆ! ಆ ನೀರು ಕತ್ತಲ ಚೀಲದಲ್ಲಿ ವರ್ಷಗಟ್ಟಲೆ ಮುಚ್ಚಿಯೇ ಇರುತ್ತದೆ. ಮೇಲಿನ ಗಾಳಿಗೆ ಬಡಿದ ಒಂದು ಕಣ ಕೋಟಿಗಟ್ಟಲೆ ಕಣಗಳಾಗಿ ಒಡೆದು ಸುರಿಯುತ್ತದೆ. ಅವು ನೀರೊಳಗೆ ಹಾಯುವಾಗ ನೀಲಿ ಬೆಳಕು ಮಿನುಗುತ್ತದೆ. ಅದನ್ನು ಮೂರು ಬೆಳಕುಗ್ರಾಹಕಗಳು ಹಿಡಿಯುತ್ತವೆ. ಸುತ್ತ ದನ ಮೇಯುತ್ತಿರುತ್ತವೆ.

ದಿಕ್ಕು ಹೇಗೆ ತಿಳಿಯುತ್ತದೆ? ಯಾವ ಹೊಲ ಮೊದಲು ನೆನೆಯಿತು ಎಂದರೆ ಮಳೆ ಎತ್ತಲಿಂದ ಬಂತೆಂದು ರೈತ ಹೇಳುತ್ತಾನಲ್ಲ, ಹಾಗೆ. ಅಕ್ಕಪಕ್ಕದ ಎರಡು ಟ್ಯಾಂಕ್‌ಗಳ ನಡುವಿನ ಕಾಲದ ಅಂತರ ಹೆಚ್ಚೆಂದರೆ 5 ಮೈಕ್ರೋಸೆಕೆಂಡ್. ಅದಕ್ಕೇ ಪ್ರತಿ ಟ್ಯಾಂಕಿಗೂ ಜಿಪಿಎಸ್ ಗಡಿಯಾರ.

ನಮ್ಮ ರಾಜ್ಯದವರು ಇದಕ್ಕೆ ತದ್ವಿರುದ್ಧ ದಾರಿ ಹಿಡಿದಿದ್ದರು. ನಂಜನಗೂಡಿನ ಬಿ.ವಿ. ಶ್ರೀಕಂಠನ್ ಮತ್ತು ಸಂಗಡಿಗರು ಕೋಲಾರದ ಚಿನ್ನದ ಗಣಿಗೆ ಇಳಿದರು. 1965ರಲ್ಲಿ ಎರಡು ಕಿ.ಮೀ.ಗೂ ಆಳದಲ್ಲಿ ವಿಶ್ವಕಿರಣಗಳಿಂದ ಹುಟ್ಟಿದ ನ್ಯೂಟ್ರಿನೊಗಳ ಸುಳಿವು ಸಿಕ್ಕಿತು. ಅವರಿಗೆ ಆಳ ಬೇಕಿತ್ತು, ಅರ್ಜೆಂಟೀನಾದವರಿಗೆ ಅಗಲ.

ಶಕ್ತಿಯ ಮಾತನ್ನು ನಾನು ಈಗ ಕೊನೆಗೆ ಇಟ್ಟುಕೊಳ್ಳುತ್ತೇನೆ. 1991ರಲ್ಲಿ ಅಮೆರಿಕದ ಯೂಟಾದಲ್ಲಿ ಸಿಕ್ಕ ಒಂದೇ ಕಣದಲ್ಲಿ ಸುಮಾರು 51 ಜೂಲ್ ಇತ್ತು: ಒಂದು ಕಿಲೋ ಜೋಳವನ್ನು ಐದು ಮೀಟರ್ ಎತ್ತಲು ಸಾಕು. 2021ರ ಮೇ 27ರಂದು ಅಲ್ಲೇ, ನಮ್ಮ ನಕ್ಷೆಯ ಚೌಕಕ್ಕಿಂತ ತುಸು ಚಿಕ್ಕದಾದ 700 ಚದರ ಕಿ.ಮೀ. ಜಾಲಕ್ಕೆ 'ಅಮತೆರಸು' ಎಂದು ಹೆಸರಿಟ್ಟ ಕಣ ಬಿತ್ತು. 507ರಲ್ಲಿ 23 ಪತ್ತೆಕಾರಕಗಳು ಅದನ್ನು ಕಂಡವು. ಬಂದ ದಿಕ್ಕಿಗೆ ಗೆರೆ ಎಳೆದರೆ ಅಲ್ಲಿ ಗೆಲಾಕ್ಸಿಗಳೇ ವಿರಳವಾದ ಬಯಲು. ಆಯಸ್ಕಾಂತ ಕ್ಷೇತ್ರ ದಾರಿ ತಿರುಗಿಸಿತೇ, ಇನ್ನೇನಾದರೂ ಇದೆಯೇ ಎಂದು ವಾದ ನಡೆದಿದೆ. ಒಂದು ಕಣದಿಂದ ತೀರ್ಮಾನವಾಗುವ ಮಾತಲ್ಲ. ಅದಕ್ಕೇ ಯೂಟಾದಲ್ಲಿ ಬಲೆಯನ್ನು ನಾಲ್ಕು ಪಟ್ಟು ಹಿಗ್ಗಿಸುವ ಕೆಲಸ ಹಿಡಿದಿದ್ದಾರೆ.