ಪಟ್ಟಿ ಹೆಚ್ಚಿಸಿದರೆ ಸಾಕೇ?

ಟೊಮೆಟೊ ಕ್ರೇಟು ತುಂಬಿದರೆ ಪಿಕಪ್ಪಿನ ಹಿಂಭಾಗ ಕುಸಿಯುತ್ತದೆ, ಕಮಾನಿಗೆ ಇನ್ನೆರಡು ಪಟ್ಟಿ ಸೇರಿಸಲೇ ಎಂದು ಕೇಳಿದ್ದೀರಿ. ಮೊದಲು ಒಂದು ಲೋಡನ್ನು ವೇಬ್ರಿಡ್ಜಿನಲ್ಲಿ ತೂಗಿಸಿ. ಆರ್‌ಸಿಯಲ್ಲಿರುವ ಒಟ್ಟು ತೂಕ ಮೀರಿದ್ದರೆ ಪಟ್ಟಿಯಿಂದ ಪ್ರಯೋಜನವಿಲ್ಲ. ಗಾಡಿ ನೆಟ್ಟಗೆ ನಿಂತೀತು, ಆದರೆ ಆಕ್ಸಲ್, ಟೈರು, ಬ್ರೇಕು ಹಳೆಯವೇ ತಾನೆ? ಸಿಕ್ಕಿಬಿದ್ದರೆ ದಂಡ 20,000 ರೂಪಾಯಿ, ಹೆಚ್ಚುವರಿ ಪ್ರತಿ ಟನ್ನಿಗೆ 2,000 ಬೇರೆ.

ಮಿತಿಯೊಳಗಿದ್ದೂ ಕುಸಿದರೆ ಪಟ್ಟಿಗಳು ಸೋತಿರಬೇಕು. ಬಿರುಕು, ಬುಷ್, ಸೆಂಟರ್ ಬೋಲ್ಟ್, ಯು-ಬೋಲ್ಟ್ ನೋಡಿಸಿ. ಎರಡೂ ಬದಿಯ ಕಮಾನನ್ನು ಒಟ್ಟಿಗೇ, ಕಂಪನಿ ಅಳತೆಯದ್ದೇ ಹಾಕಿಸಿ. ಪಟ್ಟಿ ಹೆಚ್ಚಾದ ಗಾಡಿ ಖಾಲಿ ಬರುವಾಗ ಹಿಂದೆ ಕುಣಿಯುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದರೆ ಹಿಡಿತ ತಪ್ಪಬಹುದು. ಪಟ್ಟಿ ಮಾರುವವರು ಇದನ್ನು ಹೇಳುವುದು ಅಪರೂಪ. ಕ್ರೇಟುಗಳ ಭಾರ ಹಿಂದಿನ ಚಕ್ರಕ್ಕಿಂತ ತುಸು ಮುಂದೆ ಬೀಳುವಂತೆ ಜೋಡಿಸಿ.